ಒಂದು ಎಕೋದಲ್ಲಿ 45, ಇನ್ನೊಂದರಲ್ಲಿ 55: ಯಾವ ಯಂತ್ರವನ್ನು ನಂಬಬೇಕು?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ.

“ನಮ್ಮ ತಂದೆಗೆ 61 ವರ್ಷ. ಬಿಪಿ ಇದೆ, ಶುಗರ್ ಇಲ್ಲ. ತೊಗರಿ ರಾಶಿ ಮುಗಿದ ವಾರದಲ್ಲಿ ಒಂದು ರಾತ್ರಿ ಎದೆ ಭಾರವಾಗುತ್ತಿದೆ ಎಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ, ಹಳೆಯ ಹೃದಯಾಘಾತದ ಗುರುತಿದೆ ಎಂದು ಯಂತ್ರವೇ ಹಾಳೆಯ ಮೇಲೆ ಮುದ್ರಿಸಿತು. ಡಾಕ್ಟರು ಮಾತ್ರ ನೋಡಿ, ತಮಗೆ ಹಾಗೇನೂ ಕಾಣುತ್ತಿಲ್ಲ ಎಂದರು. ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷೆ ಮಾಡಿದರು. ಅದು ಸರಿಯಿದ್ದರೂ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿ ಎಂದು ಕಲಬುರಗಿಗೆ ಕಳುಹಿಸಿದರು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಇಎಫ್ (ಹೃದಯ ರಕ್ತ ತಳ್ಳುವ ಪ್ರಮಾಣ) 45 ಬಂತು, ಆಂಜಿಯೋಗ್ರಾಮ್ (ಹೃದಯದ ರಕ್ತನಾಳಗಳಲ್ಲಿ ತಡೆ ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಬೇಕು ಎಂದರು. ನಮಗೆ ಅನುಮಾನ ಬಂದು ಎರಡು ವಾರದ ನಂತರ ಇನ್ನೊಂದು ಕಡೆ ಹೋದೆವು. ಅಲ್ಲಿ 55. ಅದು ಹೊಸ ಯಂತ್ರವಂತೆ, ಎಐ ತಾನೇ ಅಳೆಯುತ್ತದಂತೆ. ಹಾಗಾದರೆ ದುಡ್ಡಿಗಾಗಿ ಮೊದಲಿನವರು ಕಡಿಮೆ ತೋರಿಸಿದರೇ? ಅಥವಾ ಎರಡನೆಯ ಯಂತ್ರವೇ ತಪ್ಪೇ? ವರದಿ ಬರೆಯುವವರು ಯಾರು, ಕಂಪ್ಯೂಟರೋ ಡಾಕ್ಟರೋ? ಹೈದರಾಬಾದಿನಲ್ಲಿ ದೊಡ್ಡ ಯಂತ್ರಗಳಿವೆ, ಅಲ್ಲಿಗೆ ಹೋಗೋಣ ಎಂದು ಸೋದರಮಾವ ಹೇಳುತ್ತಿದ್ದಾರೆ. ಆಸ್ಪತ್ರೆಯವರು ಕೊಟ್ಟ ಸಿಡಿ ನಮ್ಮ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಇಸಿಜಿ ತೋರಿಸುವ ವಾಚ್ ತರುತ್ತೇನೆ ಎಂದಿದ್ದಾನೆ. ಅಪ್ಪ ಈಗ ಆರಾಮಾಗಿದ್ದಾರೆ, ಆದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ.”

ಉತ್ತರ: ನೀವು ಕಳುಹಿಸಿದ ಇಸಿಜಿಯ ಫೋಟೊವನ್ನೂ ಎರಡೂ ಎಕೋ ವರದಿಗಳನ್ನೂ ನಿಧಾನವಾಗಿ ನೋಡಿದೆ. ನಾನು ವೈದ್ಯನಲ್ಲ. ಹೃದ್ರೋಗ ವಿಭಾಗಗಳಲ್ಲಿ ಇಸಿಜಿ, ಎಕೋ, ಕ್ಯಾತ್ ಲ್ಯಾಬ್ (ಆಂಜಿಯೋಗ್ರಾಮ್ ಮಾಡುವ ಕೋಣೆ) ಯಂತ್ರಗಳನ್ನೂ ಅವುಗಳ ಚಿತ್ರಗಳನ್ನು ಅಳೆದು ಕೂಡಿಡುವ ಸಾಫ್ಟ್‌ವೇರನ್ನೂ ಅಳವಡಿಸಿ ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್. ಆದ್ದರಿಂದ ನಿಮ್ಮ ತಂದೆಯವರಿಗೆ ಆಂಜಿಯೋಗ್ರಾಮ್ ಬೇಕೋ ಬೇಡವೋ ಎಂದು ನಾನು ಹೇಳುವಂತಿಲ್ಲ. ಆದರೆ ಆ ಹಾಳೆಗಳ ಮೇಲಿನ ಸಾಲುಗಳು, ಸಂಖ್ಯೆಗಳು ಎಲ್ಲಿಂದ ಬರುತ್ತವೆ ಎಂಬುದು ನನಗೆ ನಿತ್ಯದ ಕೆಲಸ, ಮತ್ತು ನಿಮ್ಮ ಮನೆಯ ನೆಮ್ಮದಿ ಕೆಟ್ಟಿರುವುದು ಆ ಸಾಲು, ಸಂಖ್ಯೆಗಳಿಂದಲೇ. ಮೊದಲೇ ಹೇಳಿಬಿಡುತ್ತೇನೆ: 45 ಮತ್ತು 55 ಎರಡೂ ಪ್ರಾಮಾಣಿಕವಾಗಿ ಬಂದ ಸಂಖ್ಯೆಗಳಾಗಿರಬಹುದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿರಲೇಬೇಕು ಎಂಬ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಇಸಿಜಿ ಹಾಳೆಯ ಮೇಲಿನ ಆ ಸಾಲು

ಇಸಿಜಿಯನ್ನು ಕಂಪ್ಯೂಟರ್ ಓದುವುದು ಹೊಸದಲ್ಲ, ಎಐ ಕಾಲದ್ದೂ ಅಲ್ಲ. 1960ರ ದಶಕದಿಂದಲೂ ಅಂತಹ ಪ್ರೋಗ್ರಾಮ್‌ಗಳಿವೆ. ಪ್ರತಿ ಅಲೆಯ ಎತ್ತರ, ಅಗಲ, ಎರಡು ಅಲೆಗಳ ನಡುವಿನ ಅಂತರ ಅಳೆದು, ಒಂದು ನಿಯಮಗಳ ಪಟ್ಟಿಗೆ ಹೋಲಿಸಿ, ಹೊಂದಿದ ಸಾಲನ್ನು ಮುದ್ರಿಸುವುದು ಅವುಗಳ ರೀತಿ. ಇಂದು ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲಿರುವ ಸಣ್ಣ ಯಂತ್ರದ ಒಳಗೂ ಬಹುಪಾಲು ಇಂಥದೇ ಪ್ರೋಗ್ರಾಮ್ ಇರುತ್ತದೆ. ಯಾವ ಗುರುತೂ ತಪ್ಪಿಹೋಗಬಾರದು ಎಂಬ ಉದ್ದೇಶದಿಂದ ಅದನ್ನು ಬೇಕೆಂದೇ ಸ್ವಲ್ಪ ಅನುಮಾನದ ಸ್ವಭಾವದ್ದನ್ನಾಗಿ ಮಾಡಿರುತ್ತಾರೆ. ನಾಡಿಯ ವೇಗ, ಅಂತರಗಳ ಮಿಲಿಸೆಕೆಂಡ್ ಲೆಕ್ಕ ಮುಂತಾದವುಗಳಲ್ಲಿ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ‘ಹಳೆಯ ಹೃದಯಾಘಾತ ಇರಬಹುದು’ ಎಂಬಂತಹ ತೀರ್ಪುಗಳಲ್ಲಿ ಅಷ್ಟಿಲ್ಲ. ನಿಮ್ಮ ಹಾಳೆಯ ಮೇಲ್ಭಾಗದಲ್ಲೇ, ಇದು ವೈದ್ಯರು ಇನ್ನೂ ದೃಢಪಡಿಸದ ವರದಿ ಎಂಬರ್ಥದ ಸಣ್ಣ ಅಕ್ಷರದ ಸಾಲೊಂದಿದೆ, ಗಮನಿಸಿ. ಅದು ಬರೀ ಔಪಚಾರಿಕ ಸಾಲಲ್ಲ. ಯಂತ್ರದ ತಯಾರಕರೇ ತಮ್ಮ ಪ್ರೋಗ್ರಾಮಿನ ಮಿತಿಯನ್ನು ಅಲ್ಲಿ ಒಪ್ಪಿಕೊಂಡಿದ್ದಾರೆ.

ಹಾಗಾದರೆ ಅದು ಏಕೆ ಹಾಗೆ ಬರೆಯಿತು? ಇಸಿಜಿಗೆ ಹತ್ತು ಎಲೆಕ್ಟ್ರೋಡ್‌ಗಳು: ಕೈಕಾಲಿಗೆ ನಾಲ್ಕು, ಎದೆಗೆ ಆರು. ಎದೆಯ ಮೊದಲಿನ ಎರಡನ್ನು, ಅಂದರೆ ವಿ1 ಮತ್ತು ವಿ2 ಅನ್ನು, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದರಂತೆ ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ ಇಡಬೇಕು. ಗಂಟಲ ಕುಳಿಯಿಂದ ಬೆರಳು ಕೆಳಗೆ ಜಾರಿಸಿದರೆ ಎದೆಮೂಳೆಯ ಮೇಲೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಎರಡನೆಯ ಪಕ್ಕೆಲುಬು ಸೇರುವುದು ಅಲ್ಲಿ. ಆ ಪಕ್ಕೆಲುಬಿನ ಕೆಳಗಿನದು ಎರಡನೆಯ ಸಂದು, ಇನ್ನೆರಡು ಸಂದು ಇಳಿದರೆ ಸರಿಯಾದ ಜಾಗ. ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಎಣಿಸುವುದಕ್ಕೆ ಪುರುಸೊತ್ತಿಲ್ಲದೆ ಅವನ್ನು ಎರಡು ಸಂದು ಮೇಲೆ, ಕೊರಳೆಲುಬಿನ ಹತ್ತಿರ ಅಂಟಿಸುವುದನ್ನು ನಾನು ಊರೂರಲ್ಲಿ ಕಂಡಿದ್ದೇನೆ. ಹಾಗಾದಾಗ ಹಾಳೆಯ ಮೇಲೆ ಆ ಎರಡು ಎಲೆಕ್ಟ್ರೋಡ್‌ಗಳ ಗೆರೆಗಳಲ್ಲಿ ಮೇಲಕ್ಕೇಳಬೇಕಾದ ಅಲೆ ಕುಗ್ಗುತ್ತದೆ, ಕೆಲವೊಮ್ಮೆ ಇಲ್ಲವಾಗುತ್ತದೆ. ಎಲೆಕ್ಟ್ರೋಡ್ ಎಲ್ಲಿದೆ ಎಂಬುದನ್ನು ಯಂತ್ರ ನೋಡಲಾರದು. ಅಲೆ ಇಲ್ಲ, ಅಂದರೆ ಅಲ್ಲಿನ ಸ್ನಾಯು ಹಿಂದೆಂದೋ ಸತ್ತಿರಬೇಕು ಎಂದು ಅದರ ನಿಯಮ ಹೇಳುತ್ತದೆ, ಅದು ಮುದ್ರಿಸುತ್ತದೆ. ನಿಮ್ಮ ತಂದೆಯವರ ವಿಷಯದಲ್ಲೂ ಇದೇ ಆಗಿದೆ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಎರಡೂ ಎಕೋ ವರದಿಗಳಲ್ಲಿ ಹೃದಯದ ಮುಂಭಾಗದ ಗೋಡೆ ಸರಿಯಾಗಿ ಚಲಿಸುತ್ತಿದೆ ಎಂದಿದೆ. ನಿಜವಾಗಿ ದೊಡ್ಡ ಪೆಟ್ಟು ಬಿದ್ದ ಗೋಡೆಯಾಗಿದ್ದರೆ ಸಾಮಾನ್ಯವಾಗಿ ತೆಳುವಾಗಿ, ಮಂದವಾಗಿ ಕಾಣಬೇಕಿತ್ತು.

ಇನ್ನೊಂದು ಸಂಗತಿ. ನಿಮ್ಮ ಹಾಳೆಯಲ್ಲಿ ವಯಸ್ಸಿನ ಜಾಗ ಖಾಲಿ ಇದೆ. ಇದು ಸಣ್ಣ ವಿಷಯವೆನಿಸಬಹುದು, ಆದರೆ ಅಲ್ಲ. ಎದೆಯ ಎಲೆಕ್ಟ್ರೋಡ್‌ಗಳಾದ ವಿ2, ವಿ3ರ ಗೆರೆ ಎಷ್ಟು ಮೇಲೆದ್ದರೆ ಹೃದಯಾಘಾತದ ಅನುಮಾನ ಎಂಬ ಮಿತಿಯೇ ವಯಸ್ಸು, ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ: 40 ದಾಟಿದ ಗಂಡಸರಿಗೆ 2 ಮಿಲಿಮೀಟರ್, ಅದಕ್ಕಿಂತ ಚಿಕ್ಕವರಿಗೆ 2.5, ಹೆಂಗಸರಿಗೆ 1.5. ವಯಸ್ಸು ಕೊಡದಿದ್ದರೆ ಕೆಲವು ಯಂತ್ರಗಳು ತಾವೇ ಒಂದು ವಯಸ್ಸನ್ನು ಇಟ್ಟುಕೊಂಡು ಓದುತ್ತವೆ. ಜೊತೆಗೆ ನಿಮ್ಮ ಹಾಳೆಯ ಗೆರೆ ದಾರದಂತೆ ಸಪೂರವಾಗಿಲ್ಲ, ಸಣ್ಣ ಹಲ್ಲುಗಳಿಂದ ದಪ್ಪವಾಗಿ ಕಾಣುತ್ತಿದೆ. ಅದು ಕರೆಂಟಿನ 50 ಹರ್ಟ್ಸ್ ಕಂಪನ ಒಳಸೇರಿದ ಲಕ್ಷಣ. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಗುಂಡಿಗೆ ನೀರು ಹಾಕುವವರಿಲ್ಲದಿದ್ದರೆ ಇಸಿಜಿ ಕೋಣೆಯಲ್ಲಿ ಇದು ತಪ್ಪಿದ್ದಲ್ಲ. ಎಷ್ಟೋ ಸಲ ಯಂತ್ರ ಕೆಟ್ಟಿದೆ ಎಂದು ಕರೆಸಿಕೊಂಡವರಿಗೆ ನಾನು ಮಾಡಿಕೊಟ್ಟಿರುವುದು ಆ ಗುಂಡಿಗೆ ಎರಡು ಕೊಡ ನೀರು ಹಾಕಿಸುವ ಕೆಲಸ ಮಾತ್ರ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮುದ್ರಿತ ಸಾಲನ್ನು ಬದಿಗಿಟ್ಟು ಗೆರೆಗಳನ್ನು ತಾವೇ ಓದಿದ್ದು ನಿರ್ಲಕ್ಷ್ಯವಲ್ಲ, ಅದೇ ಸರಿಯಾದ ಕ್ರಮ. ಅದಕ್ಕಿಂತ ಮುಖ್ಯವಾಗಿ, ತಮಗೆ ಏನೂ ಕಾಣದಿದ್ದರೂ ಅವರು ಅಲ್ಲಿಗೇ ಬಿಡಲಿಲ್ಲ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಪೂರ್ತಿ ಸರಿಯಾಗಿಯೇ ಕಾಣಬಹುದು. ಯಂತ್ರ ‘ಸಹಜ’ ಎಂದು ಮುದ್ರಿಸಿದರೂ ಅದು ಮನೆಗೆ ಹೋಗಲು ಕೊಟ್ಟ ಪರವಾನಗಿಯಲ್ಲ. ಕೆಲವು ಗಂಟೆಗಳ ಅಂತರದಲ್ಲಿ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನು ಎರಡು ಸಲ ಮಾಡಿಸಿದ್ದು ಆ ಕಾರಣಕ್ಕೆ. ಆ ವೈದ್ಯರಿಗೆ ನಿಮ್ಮ ಮನೆಯವರು ಒಂದು ಕೃತಜ್ಞತೆಯ ಮಾತು ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಸಲ ಯಾವ ವೈದ್ಯರ ಬಳಿ ಹೋದರೂ ಎಲೆಕ್ಟ್ರೋಡ್‌ಗಳನ್ನು ಪಕ್ಕೆಲುಬು ಎಣಿಸಿ ಇಟ್ಟು, ವಯಸ್ಸು ತುಂಬಿ, ಇನ್ನೊಂದು ಇಸಿಜಿ ತೆಗೆದುಕೊಡಿ ಎಂದು ವಿನಯದಿಂದ ಕೇಳಿ. ಹಳೆಯದನ್ನು ಎಸೆಯಬೇಡಿ. ಇಸಿಜಿಯಲ್ಲಿ ಹಿಂದಿನ ಹಾಳೆಯ ಪಕ್ಕದಲ್ಲಿ ಇಟ್ಟು ನೋಡುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ. ಮತ್ತು ದಯವಿಟ್ಟು ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಬೇಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಲ್ಯಾಮಿನೇಷನ್ ಯಂತ್ರದೊಳಗೆ ಹೋದರೆ ಇಡೀ ಹಾಳೆ ಕಪ್ಪಾಗಿ ಹೊರಬರುತ್ತದೆ. ಸುಮ್ಮನೆ ಇಟ್ಟರೂ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಇವತ್ತೇ ಒಂದು ಜೆರಾಕ್ಸ್ ತೆಗೆಸಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.

45 ಮತ್ತು 55ರ ನಡುವೆ ಏನಿದೆ

ಇಎಫ್ ಎಂದರೆ ಹೃದಯದ ಎಡ ಕೆಳಗೋಣೆ ತುಂಬಿಕೊಂಡ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಒಂದು ಬಡಿತದಲ್ಲಿ ಹೊರಗೆ ತಳ್ಳುತ್ತದೆ ಎಂಬ ಲೆಕ್ಕ. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು: ಇದು ಪರೀಕ್ಷೆಯ ಅಂಕದಂತೆ ನೂರಕ್ಕೆ ನೂರು ಬರಬೇಕಾದದ್ದಲ್ಲ. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಅಮೆರಿಕ ಮತ್ತು ಯುರೋಪಿನ ಎಕೋ ತಜ್ಞರ ಸಂಘಗಳು 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಗಂಡಸರಿಗೆ 52ರಿಂದ 72, ಹೆಂಗಸರಿಗೆ 54ರಿಂದ 74 ಸಹಜ. ಅಂದರೆ 55 ‘ಹೇಗೋ ಪಾಸಾದ’ ಹೃದಯವಲ್ಲ, ಸಹಜ ಹೃದಯ. 45 ಎಂದರೆ ಸ್ವಲ್ಪ ಕಡಿಮೆ.

ಈಗ ಆ ಸಂಖ್ಯೆ ಬರುವ ಬಗೆ ನೋಡೋಣ. ಎಕೋ ಮಾಡುವವರು ಹೃದಯ ಪೂರ್ತಿ ಹಿಗ್ಗಿದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಕೋಣೆಯ ಒಳ ಅಂಚಿನ ಸುತ್ತ ಗೆರೆ ಎಳೆಯುತ್ತಾರೆ. ಪೂರ್ತಿ ಕುಗ್ಗಿದ ಕ್ಷಣದಲ್ಲಿ ಮತ್ತೊಮ್ಮೆ ಎಳೆಯುತ್ತಾರೆ. ಆ ಎರಡು ಗೆರೆಗಳಿಂದ ಸಾಫ್ಟ್‌ವೇರ್ ಘನಗಾತ್ರವನ್ನು ಲೆಕ್ಕಹಾಕುತ್ತದೆ. ಹಿಗ್ಗಿದಾಗ 110 ಮಿಲಿಲೀಟರ್, ಕುಗ್ಗಿದಾಗ 50 ಎಂದಿಟ್ಟುಕೊಳ್ಳಿ. ಹೊರಬಿದ್ದದ್ದು 60, ಅಂದರೆ ನೂರಕ್ಕೆ ಸುಮಾರು 55. ಕುಗ್ಗಿದಾಗಿನ ಗೆರೆಯನ್ನು ಇನ್ನೊಬ್ಬರು ತುಸು ಹೊರಗೆ ಎಳೆದು 50ರ ಬದಲು 60 ಬಂದರೆ? ಹೊರಬಿದ್ದದ್ದು 50, ನೂರಕ್ಕೆ ಸುಮಾರು 45. ಅದೇ ಹೃದಯ, ಅದೇ ಬಡಿತ. ವ್ಯತ್ಯಾಸ 10 ಮಿಲಿಲೀಟರ್, ಎರಡು ಟೀ ಚಮಚದಷ್ಟು. ಆ ಗಾತ್ರದ ಕೋಣೆಯಲ್ಲಿ ಸುತ್ತಲೂ ಒಂದೂವರೆ ಮಿಲಿಮೀಟರ್ ಆಸುಪಾಸಿನ ಅಂಚು ಸರಿದರೆ ಅಷ್ಟು ಬದಲಾಗಿಬಿಡುತ್ತದೆ. ಎಕೋ ಪರದೆಯ ಮೇಲೆ ಆ ಒಳ ಅಂಚು ಎಂದೂ ಗೀಚಿದ ಗೆರೆಯಂತೆ ಸ್ಪಷ್ಟವಾಗಿರುವುದಿಲ್ಲ. ಬೂದು, ಬಿಳುಪು, ನಡುನಡುವೆ ಸ್ನಾಯುವಿನ ಎಳೆಗಳು. ಒಬ್ಬರು ಎಳೆಗಳನ್ನು ಗೋಡೆಗೆ ಸೇರಿಸುತ್ತಾರೆ, ಇನ್ನೊಬ್ಬರು ಕೋಣೆಗೆ. ಒಳ್ಳೆಯ ಕೈಗಳ ನಡುವೆಯೂ ಐದರಿಂದ ಹತ್ತು ಅಂಶಗಳ ವ್ಯತ್ಯಾಸ ಬರುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ದುಃಖದ ಸಂಗತಿ ಏನೆಂದರೆ, ವರದಿಯಲ್ಲಿ ಒಂಟಿ ಸಂಖ್ಯೆ ಮಾತ್ರ ಇರುತ್ತದೆ, ಈ ಅಂತರವನ್ನು ರೋಗಿಯ ಮನೆಯವರಿಗೆ ಹೇಳುವವರು ಕಡಿಮೆ.

ನಿಮ್ಮ ಎರಡು ವರದಿಗಳಲ್ಲಿ ಇನ್ನೂ ದೊಡ್ಡ ವ್ಯತ್ಯಾಸವಿದೆ. ಮೊದಲಿನದರಲ್ಲಿ ಅಳತೆಯ ವಿಧಾನ ಟೈಕೋಲ್ಟ್ಸ್ ಎಂದಿದೆ. ಅದರಲ್ಲಿ ಕೋಣೆಯ ಅಗಲವನ್ನು ಒಂದೇ ಒಂದು ಗೆರೆಯ ಮೇಲೆ ಅಳೆದು, ಉಳಿದ ಆಕಾರವನ್ನು ಸೂತ್ರದಿಂದ ಊಹಿಸುತ್ತಾರೆ. ಬೇಗ ಆಗುತ್ತದೆ, ಆದರೆ ಆ ಒಂದು ಗೆರೆ ಓರೆಯಾದರೆ ಎಲ್ಲವೂ ಓರೆ. ಎರಡನೆಯದರಲ್ಲಿ ಸಿಂಪ್ಸನ್ ವಿಧಾನ: ಎರಡು ಕೋನಗಳಿಂದ ಅಂಚು ಗುರುತಿಸಿ, ಕೋಣೆಯನ್ನು ತೆಳು ಬಿಲ್ಲೆಗಳಾಗಿ ಕತ್ತರಿಸಿ ಕೂಡಿಸುವುದು. ಮಾರ್ಗಸೂಚಿಗಳು ಮೆಚ್ಚುವುದು ಇದನ್ನು. ಎರಡು ಬೇರೆ ವಿಧಾನದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವುದು ನ್ಯಾಯವಲ್ಲ. ಮೇಲಾಗಿ, ಮೊದಲ ದಿನ ನಿಮ್ಮ ತಂದೆಯವರ ಬಿಪಿ 170/100, ನಾಡಿ 104 ಎಂದು ಬರೆದಿದೆ. ಎರಡನೆಯ ಸಲ 130/80, ನಾಡಿ 76. ಅಷ್ಟು ಬಿಪಿಯ ವಿರುದ್ಧ ರಕ್ತ ತಳ್ಳುವ ಹೃದಯ ನಿಜವಾಗಿಯೂ ಸ್ವಲ್ಪ ಕಡಿಮೆ ತಳ್ಳುತ್ತದೆ. ಹಾಗಾಗಿ ವ್ಯತ್ಯಾಸದ ಒಂದು ಪಾಲು ಗೆರೆಯದು, ಒಂದು ಪಾಲು ವಿಧಾನದ್ದು, ಒಂದು ಪಾಲು ಆ ದಿನದ ದೇಹಸ್ಥಿತಿಯದು. ಎರಡು ವಾರದಲ್ಲಿ ಔಷಧದಿಂದ ಚೇತರಿಸಿಕೊಂಡಿರುವ ಸಾಧ್ಯತೆಯೂ ಇದೆ.

ಎಐ ಅಳೆದಿದೆ ಎಂಬ ಮಾತಿಗೆ ಬರೋಣ. ಆ ಸಾಫ್ಟ್‌ವೇರ್ ಮಾಡುವುದು ಅದೇ ಗೆರೆ ಎಳೆಯುವ ಕೆಲಸವನ್ನು. ತಜ್ಞರು ಗೆರೆ ಎಳೆದ ಸಾವಿರಾರು ಎಕೋಗಳನ್ನು ನೋಡಿ ಕಲಿತಿರುತ್ತದೆ. ಅದನ್ನು ಹಗುರವಾಗಿ ಕಾಣಬೇಡಿ. ಮನುಷ್ಯರಂತೆ ದಣಿಯುವುದಿಲ್ಲ, ಅದೇ ವಿಡಿಯೊವನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಕೊಡುತ್ತದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಮೊದಲ ಅಳತೆ ಯಾರದೆಂದು ತಿಳಿಸದೆ ಹೃದ್ರೋಗ ತಜ್ಞರಿಗೆ ಕೊಟ್ಟಾಗ, ಎಐ ಅಳತೆಯನ್ನು ಅವರು ಗಣನೀಯವಾಗಿ ತಿದ್ದಿದ್ದು ನೂರಕ್ಕೆ ಸುಮಾರು 17 ಸಲ, ತಂತ್ರಜ್ಞರ ಅಳತೆಯನ್ನು ಸುಮಾರು 27 ಸಲ. ಆದರೆ ಇಲ್ಲಿ ಇನ್ನೊಂದು ಅರ್ಥವೂ ಇದೆ: ನೂರಕ್ಕೆ 17 ಸಲ ತಜ್ಞರು ತಿದ್ದಬೇಕಾಯಿತು. ಚಿತ್ರವೇ ಮಸುಕಾಗಿದ್ದರೆ, ಎದೆಯ ಮೇಲೆ ಒತ್ತಿ ಹಿಡಿಯುವ ಎಕೋದ ಪ್ರೋಬ್ ಓರೆಯಾಗಿ ಹಿಡಿದು ಕೋಣೆ ಮೊಟಕಾಗಿ ಕಂಡಿದ್ದರೆ, ಎಐ ಹಿಂಜರಿಯದೆ ಅಲ್ಲೂ ಒಂದು ಅಂದವಾದ ಗೆರೆ ಎಳೆಯುತ್ತದೆ. ನನಗೆ ಭಯ ಹುಟ್ಟಿಸುವುದು ಅದೇ, ತಪ್ಪಿನ ಗೆರೆಯೂ ನೋಡಲು ಅಷ್ಟೇ ಅಚ್ಚುಕಟ್ಟಾಗಿರುತ್ತದೆ. ಪ್ರೋಬ್ ಹಿಡಿದ ಕೈ, ನೋಡಿ ಸಹಿ ಹಾಕುವ ಕಣ್ಣು ಎರಡೂ ಬೇಕು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಗೆ ಬಂದಿದೆ. ವರದಿಗೆ ಹೊಣೆ ಮಾತ್ರ ಸಹಿ ಮಾಡಿದ ವೈದ್ಯರದೇ. ಯಾರು ಬರೆಯುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ದುಡ್ಡಿಗಾಗಿ ಕಡಿಮೆ ತೋರಿಸಿದರೇ?

ಈ ಅನುಮಾನವನ್ನು ನೀವು ಮರೆಮಾಚದೆ ಬರೆದಿದ್ದೀರಿ, ನಾನೂ ಮರೆಮಾಚದೆ ಹೇಳುತ್ತೇನೆ. ವರದಿಯ ಅಕ್ಷರಗಳನ್ನು ಯಾರು ಬೇಕಾದರೂ ಬದಲಾಯಿಸಿ ಟೈಪ್ ಮಾಡಬಹುದು. ಚಲಿಸುವ ಹೃದಯದ ವಿಡಿಯೊವನ್ನು ಹಾಗೆ ಬದಲಾಯಿಸಲಾಗದು. ಗೆರೆ ಎಳೆದು ಅಳತೆ ತೆಗೆದ ನಿಂತ ಚಿತ್ರವನ್ನೂ ಯಂತ್ರ ಉಳಿಸಿಟ್ಟಿರುತ್ತದೆ, ಅದರ ಮೇಲೆ ಗೆರೆ, ಸಂಖ್ಯೆ, ದಿನಾಂಕ, ಸಮಯ ಎಲ್ಲವೂ ಅಚ್ಚಾಗಿರುತ್ತವೆ. ಆ ಚಿತ್ರವನ್ನು ಇನ್ನೊಬ್ಬ ಹೃದ್ರೋಗ ತಜ್ಞರ ಮುಂದಿಟ್ಟರೆ ಗೆರೆ ಸರಿಯಾದ ಜಾಗದಲ್ಲಿದೆಯೇ ಎಂದು ಒಂದು ನಿಮಿಷದಲ್ಲಿ ಹೇಳುತ್ತಾರೆ. ಹಾಗಾಗಿ ಅನುಮಾನ ಬಂದಾಗ ಮಾಡಬೇಕಾದದ್ದು ಮೂರನೆಯ ಆಸ್ಪತ್ರೆಯಲ್ಲಿ ಮೂರನೆಯ ಸಂಖ್ಯೆ ತರುವುದಲ್ಲ. ಅದು 50 ಎಂದು ಬಂದರೆ ಏನು ಮಾಡುತ್ತೀರಿ?

ಇಲ್ಲಿ ಇನ್ನೊಂದು ಅಪಾಯಕಾರಿ ನಂಬಿಕೆಯನ್ನು ತಡೆಯಬೇಕು. ‘55 ಬಂತು, ಅಂದರೆ ಬ್ಲಾಕ್ ಇಲ್ಲ, ಆಂಜಿಯೋಗ್ರಾಮ್ ಬೇಡ’ ಎಂದು ನಿಮ್ಮ ಮನೆಯಲ್ಲಿ ಈಗಾಗಲೇ ಯಾರೋ ಹೇಳಿರುತ್ತಾರೆ. ಎಕೋ ತೋರಿಸುವುದು ಹೃದಯದ ಗೋಡೆ, ಕವಾಟ, ತಳ್ಳುವ ಶಕ್ತಿಯನ್ನು. ಹೃದಯಕ್ಕೆ ರಕ್ತ ಕೊಡುವ ನಾಳಗಳ ಒಳಗಿನ ತಡೆ ಅದರಲ್ಲಿ ಕಾಣುವುದಿಲ್ಲ. ನಾಳ ಬಹಳಷ್ಟು ಕಟ್ಟಿದ್ದರೂ ವಿಶ್ರಾಂತಿಯಲ್ಲಿರುವಾಗ ಇಎಫ್ ಸಹಜವಾಗಿರಬಹುದು. 61ರ ವಯಸ್ಸು, ಬಿಪಿ, ರಾತ್ರಿ ಬಂದ ಎದೆಭಾರ, ಇವನ್ನು ತೂಗಿ ವೈದ್ಯರು ಆಂಜಿಯೋಗ್ರಾಮ್ ಹೇಳಿರಬಹುದು, 45 ಎಂಬ ಸಂಖ್ಯೆ ಅದರಲ್ಲಿ ಒಂದು ಅಂಶ ಮಾತ್ರ ಇದ್ದಿರಬಹುದು. ಅವರನ್ನೇ ನೇರವಾಗಿ ಕೇಳಿ: “ಡಾಕ್ಟರೇ, ಇಎಫ್ 55 ಎಂದೇ ಇಟ್ಟುಕೊಂಡರೂ ನಿಮ್ಮ ಸಲಹೆ ಇದೇ ಇರುತ್ತದೆಯೇ?” ಈ ಒಂದು ಪ್ರಶ್ನೆಗೆ ಬರುವ ಉತ್ತರ ನಿಮ್ಮ ಗೊಂದಲವನ್ನು ಬಹಳಷ್ಟು ಬಿಡಿಸುತ್ತದೆ.

ಮುಂದಿನ ದಾರಿಗಳು

ಎಲ್ಲಕ್ಕಿಂತ ಮೊದಲು, ಎರಡೂ ಕಡೆಯ ಚಿತ್ರಗಳನ್ನು ಒಬ್ಬರೇ ಹೃದ್ರೋಗ ತಜ್ಞರು ಪಕ್ಕಪಕ್ಕ ಇಟ್ಟು ನೋಡುವಂತೆ ಮಾಡಿ. ಖರ್ಚು ಕಡಿಮೆ, ತಂದೆಯವರಿಗೆ ಯಾವ ತೊಂದರೆಯೂ ಇಲ್ಲ. ಇದರ ತೊಡಕು ಒಂದೇ: ಆಸ್ಪತ್ರೆ ನಿಮಗೆ ಕೊಟ್ಟಿರುವುದು ನಿಜವಾದ ವಿಡಿಯೊ ಆಗಿರಬೇಕು, ಕಾಗದದ ಮೇಲೆ ಮುದ್ರಿಸಿದ ನಾಲ್ಕು ಫೋಟೊ ಆಗಿದ್ದರೆ ಹೆಚ್ಚಿನದೇನೂ ತಿಳಿಯುವುದಿಲ್ಲ.

ಎರಡನೆಯದು, ಸ್ವಲ್ಪ ಕಾಲ ಬಿಟ್ಟು ಒಂದೇ ಕಡೆ, ಸಾಧ್ಯವಾದರೆ ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ ಎಕೋ ಮಾಡಿಸುವುದು. ಬಿಪಿ ಹತೋಟಿಯಲ್ಲಿರುವಾಗ ಮಾಡಿಸಿ. ಯಂತ್ರದಿಂದ ಯಂತ್ರಕ್ಕೆ, ಕಂಪನಿಯಿಂದ ಕಂಪನಿಗೆ ಸಾಫ್ಟ್‌ವೇರಿನ ಲೆಕ್ಕ ಬೇರೆಯಾಗುವುದರಿಂದ ಏರಿಳಿತ ತಿಳಿಯಲು ಇದೇ ನ್ಯಾಯವಾದ ದಾರಿ. ಆದರೆ ಎದೆನೋವು ಮರುಕಳಿಸಿದರೆ ಈ ‘ಕಾದು ನೋಡುವ’ ಮಾತು ಅಲ್ಲಿಗೇ ಮುಗಿಯಿತು.

ಹೃದಯದ ಎಂಆರ್‌ಐ ಘನಗಾತ್ರ ಅಳೆಯುವಲ್ಲಿ ಎಕೋಗಿಂತ ನಿಖರ, ಹಳೆಯ ಹೃದಯಾಘಾತದ ಕಲೆಯನ್ನೂ ತೋರಿಸುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕೊಳವೆಯೊಳಗೆ ಮಲಗಿ, ಹೇಳಿದಾಗ ಉಸಿರು ಹಿಡಿಯಬೇಕು. ಚುಚ್ಚುವ ಔಷಧಕ್ಕೆ ಮೂತ್ರಪಿಂಡದ ಸ್ಥಿತಿ ನೋಡಬೇಕು. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹ ಇದ್ದರೆ ಮೊದಲೇ ತಿಳಿಸಬೇಕು. ದುಬಾರಿಯೂ ಹೌದು. ಅದರ ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಅದಕ್ಕೆ ಅರ್ಥ. 45 ಮತ್ತು 55ರ ಕುತೂಹಲ ತಣಿಸಲು ಬೇಡ. ನಾಳಗಳನ್ನು ನೋಡುವ ಸಿಟಿ ಆಂಜಿಯೋ, ಮಾಮೂಲಿ ಆಂಜಿಯೋಗ್ರಾಮ್, ಟ್ರೆಡ್‌ಮಿಲ್ ಪರೀಕ್ಷೆ, ಇವುಗಳಲ್ಲಿ ಯಾವುದು ಎಂಬುದು ಪೂರ್ತಿ ವೈದ್ಯರ ತೀರ್ಮಾನ.

ಹೈದರಾಬಾದ್? ನಿಮ್ಮ ಸೋದರಮಾವನವರ ಕಾಳಜಿ ದೊಡ್ಡದು, ಆದರೆ ಎಕೋ ಒಂದಕ್ಕಾಗಿ ಅಷ್ಟು ದೂರ ಹೋಗುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಕೇಂದ್ರವಿದೆ. ನಿಮ್ಮ ಊರಿಗೆ ಹತ್ತಿರ ಇರುವ ಒಂದೇ ಕಡೆ ಐದು ವರ್ಷದ ದಾಖಲೆ ಇರುವುದು, ದೂರದ ನಾಲ್ಕು ದೊಡ್ಡ ಯಂತ್ರಗಳಲ್ಲಿ ಒಂದೊಂದು ಸಲ ಮಾಡಿಸಿದ್ದಕ್ಕಿಂತ ಬೆಲೆಬಾಳುತ್ತದೆ. ಇಲ್ಲಿ ಸಿಗದ ಪರೀಕ್ಷೆಯನ್ನೋ ಶಸ್ತ್ರಚಿಕಿತ್ಸೆಯನ್ನೋ ವೈದ್ಯರು ಸೂಚಿಸಿದರೆ ಆ ಮಾತು ಬೇರೆ.

ಸಿಡಿ ವಿಚಾರ. ಅದು ಕೆಟ್ಟಿಲ್ಲ. ಆಸ್ಪತ್ರೆಯ ಚಿತ್ರಗಳು ಡೈಕಾಮ್ ಎಂಬ ರೂಪದಲ್ಲಿರುತ್ತವೆ. ಜಗತ್ತಿನ ಯಾವುದೇ ಕಂಪನಿಯ ಯಂತ್ರದ ಚಿತ್ರವನ್ನು ಇನ್ನೊಂದು ಕಂಪನಿಯ ಕಂಪ್ಯೂಟರ್ ಓದುವಂತಾಗಲಿ ಎಂದು ರೂಪಿಸಿದ ಮಾನದಂಡ ಇದು, 1993ರಿಂದ ಈ ಹೆಸರಿನಲ್ಲಿದೆ. ಮನೆಯ ಸಿನಿಮಾ ಪ್ಲೇಯರ್ ಅದನ್ನು ಗುರುತಿಸುವುದಿಲ್ಲ. ಸಿಡಿಯೊಳಗೇ ಸಾಮಾನ್ಯವಾಗಿ ಒಂದು ವೀಕ್ಷಕ ಪ್ರೋಗ್ರಾಮ್ ಇರುತ್ತದೆ. ಇಲ್ಲದಿದ್ದರೆ ಡೈಕಾಮ್ ವೀಕ್ಷಕಗಳು ಉಚಿತವಾಗಿಯೂ ಸಿಗುತ್ತವೆ. ನೀವೇ ನೋಡಲೇಬೇಕೆಂದಿಲ್ಲ, ಆದರೆ ಇಡೀ ಸಿಡಿಯನ್ನು ಒಳಗಿನ ಕಡತಗಳ ಹೆಸರು ಬದಲಾಯಿಸದೆ ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿಡಿ. ಮೂಲ ಸಿಡಿಯನ್ನು ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಮೊದಲ ಆಸ್ಪತ್ರೆ ಸಿಡಿ ಕೊಟ್ಟಿಲ್ಲವಾದರೆ ಹೋಗಿ, ಎಕೋದ ಡೈಕಾಮ್ ಪ್ರತಿ, ಅಳತೆಯ ಚಿತ್ರಗಳ ಸಮೇತ ಬೇಕು ಎಂದು ಈ ಮಾತುಗಳಲ್ಲೇ ಕೇಳಿ. ‘ಎಕೋ ಫೋಟೊ ಕೊಡಿ’ ಎಂದರೆ ಕಾಗದ ಕೊಟ್ಟು ಕಳುಹಿಸುತ್ತಾರೆ. ತಡಮಾಡಬೇಡಿ. ಜಾಗ ಸಾಲದೆ ಎಕೋ ಯಂತ್ರದಿಂದ ಹಳೆಯ ವಿಡಿಯೊಗಳನ್ನು ಅಳಿಸುವ ಕಡೆಗಳು ಇನ್ನೂ ಇವೆ.

ವಾಚ್ ಬಗ್ಗೆ: ಅದು ಮಣಿಕಟ್ಟಿನಿಂದ ಒಂದೇ ಒಂದು ಕೋನದ ಇಸಿಜಿ ತೆಗೆಯುತ್ತದೆ. ನಾಡಿ ತಾಳ ತಪ್ಪುವುದನ್ನು ಹಿಡಿಯಲು ಉಪಯುಕ್ತ. ಹೃದಯಾಘಾತವನ್ನು ಅದು ಹಿಡಿಯಲಾರದು, ತಯಾರಕರೇ ಹಾಗೆಂದು ಹೇಳುತ್ತಾರೆ. ಎದೆ ಭಾರವಾದ ರಾತ್ರಿ ವಾಚ್ ‘ಸಹಜ’ ಎಂದಿತು ಎಂದು ಮಲಗಿಬಿಡುವುದೇ ಅದರ ದೊಡ್ಡ ಅಪಾಯ. ತಮ್ಮನಿಗೆ ಆ ದುಡ್ಡಿನಲ್ಲಿ ಕೈಗೆ ಪಟ್ಟಿ ಸುತ್ತುವ ಒಂದು ಒಳ್ಳೆಯ ಬಿಪಿ ಯಂತ್ರ ತರಲು ಹೇಳಿ, ಉಳಿದದ್ದು ತಂದೆಯವರ ಔಷಧಕ್ಕಾಗಲಿ.

ಕೊನೆಯದಾಗಿ, ಎದೆ ಮತ್ತೆ ಭಾರವಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಕಲಬುರಗಿಗೆ ಬಾಡಿಗೆ ಗಾಡಿ ಹುಡುಕುತ್ತ ಸಮಯ ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ನೇರ ಹೋಗಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ಕುಳಿತಲ್ಲೇ ನೋಡಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಮಾಡಲಾಗಿದೆ. ಹಳೆಯ ಇಸಿಜಿಯ ಚಿತ್ರ ನಿಮ್ಮ ಮೊಬೈಲಿನಲ್ಲಿದ್ದರೆ ಅಲ್ಲಿನ ಡಾಕ್ಟರಿಗೆ ತೋರಿಸಿ. ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಕಳುಹಿಸಬೇಕಾದರೆ ಹಾಳೆಯನ್ನು ಸಮತಟ್ಟಾಗಿ ಇಟ್ಟು, ಚೌಕಗಳು, ಹೆಸರು, ಸಮಯ, ಅಡಿಯಲ್ಲಿರುವ ಸಂಖ್ಯೆಗಳೆಲ್ಲ ಕಾಣುವಂತೆ ನೇರ ಮೇಲಿನಿಂದ ತೆಗೆದು, ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಿ, ಗೆರೆ ಮಸುಕಾಗುವುದಿಲ್ಲ. ಫೈಲು ಮನೆಯಲ್ಲೇ ಉಳಿದಿದ್ದರೆ ಉಳಿಯಲಿ, ಯಾರಾದರೂ ಹಿಂದಿನಿಂದ ತರುತ್ತಾರೆ.